ಮರಳಿನಡಿಯ ತಾಳಿ

ಯಾಮಿನಿಯ ಹವ್ಯಾಸ ಕಂಡು ನಗದ ಕನ್ನಡಿಗರು ಅಮೆರಿಕದ ಫೋರ್ಟ್ ಮಿಲ್‌ನಲ್ಲಿ ಯಾರೂ ಉಳಿದಿರಲಿಲ್ಲ. ಕೊರೊನಾ ಕಾಲದಲ್ಲಿ ಮಿಕ್ಕವರೆಲ್ಲ ಮನೆಯೊಳಗೆ ಕೂತು ಬ್ರೆಡ್ ಸುಡುವುದನ್ನು ಕಲಿತರೆ, ಈಕೆ ಒಂದು ಮೆಟಲ್ ಡಿಟೆಕ್ಟರ್ ತರಿಸಿಕೊಂಡು ಕಟಾಬಾ ನದಿಯ ದಂಡೆ ಹಿಡಿದಳು. ಉದ್ದನೆಯ ಕೋಲು, ಅದರ ತುದಿಗೆ ಅಗಲ ತಟ್ಟೆ, ಕಿವಿಗೆ ಹೆಡ್‌ಫೋನ್, ಸೊಂಟಕ್ಕೊಂದು ಚೀಲ. ಸಿಕ್ಕಿದ್ದಾದರೂ ಏನು? ತುಕ್ಕು ಹಿಡಿದ ಮೀನಿನ ಗಾಳ, ಮೊಳೆ, ಯಾರದೋ ಬೀಗದ ಕೈ, ಸೋಡಾ ಕ್ಯಾನ್ ತೆರೆಯಲು ಎಳೆಯುವ ರಾಶಿ ರಾಶಿ ಕಿವಿಗಳು. "ಗುಜರಿ ಅಂಗಡಿ ಇಡ್ತೀರೇನ್ರೀ?" ಎಂದು ಯುಗಾದಿ ಊಟದ ಪಂಕ್ತಿಯಲ್ಲೇ ಕೇಳಿದ ಮಹಾನುಭಾವರಿದ್ದರು. ಕೇಳಲಿ. ಗಂಡನ ವೀಸಾದ ಬಾಲ ಹಿಡಿದು ಬಂದು, ಕೆಲಸ ಮಾಡುವ ಹಾಗಿಲ್ಲ ಎಂದು ಮನೆಯಲ್ಲಿ ವರ್ಷಗಟ್ಟಲೆ ಕೂತ ಹೆಂಗಸಿಗೆ, ತಾನೇ ಹುಡುಕಿ ತಾನೇ ಅಗೆದು ತೆಗೆದ ತುಕ್ಕು ಮೊಳೆಯೂ ಒಂದು ಸಂಪಾದನೆಯೇ.

ನಗದಿದ್ದವನೆಂದರೆ ಗಂಡ ಗುರುದತ್ ಒಬ್ಬ. ರಾತ್ರಿ ಸಾರನ್ನ ಕಲಸುತ್ತ ಅವಳ ನದಿಯ ಕಥೆಗಳನ್ನೆಲ್ಲ ಬಾಯ್ಬಿಟ್ಟುಕೊಂಡು ಕೇಳುತ್ತಿದ್ದ. ಯಾವ ಲೋಹಕ್ಕೆ ಯಂತ್ರ ಯಾವ ದನಿ ಹೊರಡಿಸುತ್ತದೆ ಎಂಬುದು ಅವನಿಗೂ ಬಾಯಿಪಾಠವಾಗಿತ್ತು. ಹೆಂಡತಿಯ ಹುಚ್ಚನ್ನು ಸಹಿಸುವ ಗಂಡಸರು ಬೇಕಾದಷ್ಟು ಸಿಗುತ್ತಾರೆ, ಅದನ್ನು ಕಿವಿಗೊಟ್ಟು ಕೇಳುವವರು ಅಪರೂಪ. ಯಾಮಿನಿಗೆ ಆ ಬಗ್ಗೆ ಸಣ್ಣ ಜಂಬವೂ ಇತ್ತು.

ಈ ಸಲದ ಬೇಸಿಗೆಯಲ್ಲಿ ಇಡೀ ಕುಟುಂಬ ಸೌತ್ ಕೆರೊಲಿನಾದ ಕಡಲ ದಂಡೆಯಲ್ಲಿ ಬಾಡಿಗೆ ಮನೆ ಹಿಡಿದಿತ್ತು. ಮೈಸೂರಿನಿಂದ ಬಂದಿದ್ದ ಅತ್ತೆ ರಾಜಲಕ್ಷ್ಮಿ. ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಿಂದ ಮೈದುನ ಅಭಿನವ, ಅವನ ಹೆಂಡತಿ ಮಧುರಾ. ಎರಡನೆಯ ದಿನ ಬೆಳಗ್ಗೆ ಯಾಮಿನಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಮಧುರಾ ಬಂದು ಪಕ್ಕದಲ್ಲಿ ನಿಂತಳು. ಈರುಳ್ಳಿ ಹೆಚ್ಚುವ ನೆಪದಲ್ಲಿ ತಲೆ ತಗ್ಗಿಸಿಯೇ ಮಾತಾಡಿದಳು.

"ಅಕ್ಕಾ, ಇವತ್ತು ನನ್ನ ತಾಳಿ ಕಳ್ದುಹೋಗತ್ತೆ."

"ಏನಂದೆ?"

"ದಂಡೆ ಮೇಲೆ ಬೇಲಿ ಇದ್ಯಲ್ಲ, ಅದರ ಕೊನೇ ಗೂಟದ ಬುಡದಲ್ಲಿ ಹೂತಿಡ್ತೀನಿ. ನೀವು ಮುಂದಿನ್ವಾರ ನಿಮ್ಮ ಮೆಷಿನ್ ತಗೊಂಡು ಬಂದು ತೆಗ್ದು, ಅಟ್ಲಾಂಟಾಗೆ ಶೈಲಜಾಗೆ ತಲುಪಿಸ್ಬೇಕು. ಲಾಯರ್‌ನ ಅವ್ಳೇ ನೋಡಿದ್ದಾಳೆ, ಇದನ್ನ ಮಾರಿ ಫೀಸ್ ಕಟ್ತಾಳೆ. ನಂದು ಅನ್ನೋದು ಬೇರೆ ಏನಿದೆ ಹೇಳಿ? ಕಾರ್ಡು ಅವ್ರದ್ದು, ಅಕೌಂಟ್ ಅವ್ರದ್ದು, ಮಿಕ್ಕ ಒಡವೆ ಲಾಕರ್‌ನಲ್ಲಿದೆ. ಡ್ರೈವಿಂಗ್ ಕಲಿತೀನಿ ಅಂದ್ರೆ, ನಾನಿದ್ದೀನಲ್ಲ ಡ್ರೈವ್ ಮಾಡೋಕೆ ಅಂತಾರೆ."

ಶೈಲಜಾ ಮಧುರಾಳ ಚಿಕ್ಕಮ್ಮನ ಮಗಳು. ಯಾಮಿನಿ ಬಾಣಲೆಯ ಉರಿ ಸಣ್ಣ ಮಾಡಿದಳು. ಅಭಿನವ ಕೈ ಮಾಡುವವನಲ್ಲ, ದನಿಯನ್ನೂ ಏರಿಸುವವನಲ್ಲ. ಹೆಂಡತಿಯ ಫೋನು ಎಲ್ಲಿದೆ ಎಂದು ತನ್ನ ಫೋನಿನಲ್ಲಿ ನೋಡುತ್ತಿರುತ್ತಾನೆ, ಅಂಗಡಿಯ ರಸೀದಿಯನ್ನು ನಗುನಗುತ್ತಲೇ ಓದುತ್ತಾನೆ, ತವರಿನ ಫೋನು ಬಂದರೆ ಪಕ್ಕಕ್ಕೆ ಬಂದು ಕೂರುತ್ತಾನೆ. ನೋಡುವವರ ಕಣ್ಣಿಗೆ ಅದೆಲ್ಲ ಪ್ರೀತಿ. ಯಾಮಿನಿಯ ಕಣ್ಣಿಗೂ ಬಹಳ ಕಾಲ ಹಾಗೇ ಕಂಡಿತ್ತು.

"ಬ್ಯಾಗಲ್ಲೇ ಇಟ್ಕೋಬಾರ್ದಾ?"

"ಬ್ಯಾಗು ನೋಡ್ತಾರೆ ಅಕ್ಕಾ. ನಿಮ್ಮದನ್ನೂ ನೋಡ್ತಾರೆ. ಮರಳಿನೊಳಗೆ ಹೋಗಿದ್ದನ್ನ ನಿಮ್ಮೊಬ್ರಿಗೆ ಬಿಟ್ರೆ ಯಾರಿಗೆ ತೆಗಿಯೋಕೆ ಬರತ್ತೆ?" ಎಂದು ಮಧುರಾ ಮೊದಲ ಬಾರಿಗೆ ತಲೆ ಎತ್ತಿದಳು. "ಭಾವನಿಗೆ ಮಾತ್ರ ಹೇಳ್ಬೇಡಿ. ಎಷ್ಟಂದ್ರೂ ಅವ್ರ ತಮ್ಮ."

ಯಾಮಿನಿ ಒಪ್ಪಿದಳು. ಒಪ್ಪಿದ್ದು ಮಧುರಾಳ ಕಷ್ಟಕ್ಕೋ, ತನ್ನ ಕೈಚಳಕದ ಮೇಲೆ ಮೊದಲ ಬಾರಿಗೆ ಯಾರೋ ಇಟ್ಟ ನಂಬಿಕೆಗೋ ಎಂದು ಕೇಳಿದರೆ, ಎರಡಕ್ಕೂ.

ಬಿಸಿಲೇರುವ ಮುನ್ನವೇ ತಾಳಿ ಕಳೆದುಹೋಯಿತು. ಅಲೆಯಲ್ಲಿ ಆಡುವಾಗ ಜಾರಿತೋ, ಬೇಲಿ ಹತ್ತಿರ ಟವೆಲ್ ಹಾಸಿಕೊಂಡು ಕೂತಾಗ ಬಿತ್ತೋ ತಿಳಿಯದು ಎಂದು ಮಧುರಾ ಅತ್ತಳು. ಆ ಅಳುವಿನಲ್ಲಿ ನಟನೆ ಏನೂ ಬೇಕಾಗಿರಲಿಲ್ಲ. ರಾಜಲಕ್ಷ್ಮಿಯವರ ಪಾಲಿಗೆ ಕಳೆದದ್ದು ಚಿನ್ನವಲ್ಲ, ಕಿರಿಯ ಮಗನ ಆಯಸ್ಸು. ಓಡಿ ಹೋಗಿ ಪೂಜೆಯ ಡಬ್ಬಿಯಿಂದ ಅರಿಶಿನದ ಕೊಂಬು ತಂದು, ಹಳದಿ ದಾರಕ್ಕೆ ಕಟ್ಟಿ, ಮರಳ ಮೇಲೆಯೇ ಸೊಸೆಯ ಕೊರಳಿಗೆ ಬಿಗಿದರು.

"ಬರೀ ಕೊರಳಲ್ಲಿ ಒಂದು ಗಳಿಗೆಯೂ ಇರ್ಬಾರ್ದು ಕಣಮ್ಮ," ಎಂದರು. ಅವರ ಕಣ್ಣಲ್ಲೂ ನೀರಿತ್ತು, ಅದೂ ಸುಳ್ಳಲ್ಲ.

ಅಭಿನವ ಚೀಲಗಳನ್ನು ಒಂದೊಂದಾಗಿ ಟವೆಲ್ ಮೇಲೆ ಸುರುವಿ ನೋಡಿದ. ಕೊನೆಗೆ, "ಅತ್ತಿಗೆ, ತಪ್ಪು ತಿಳ್ಕೋಬೇಡಿ, ನಿಮ್ದೂ ಒಂದ್ಸಲ ನೋಡ್ಬಿಡ್ಲಾ? ಅಕಸ್ಮಾತ್ ಒಳಗೆ ಬಿದ್ದಿದ್ರೆ?" ಎಂದ. ಯಾಮಿನಿ ಚೀಲ ಕೊಟ್ಟಳು. ಮಧುರಾ ಹೇಳಿದ್ದು ಒಂದಕ್ಷರವೂ ತಪ್ಪಿರಲಿಲ್ಲ.

"ಯಾಮಿನೀ, ನಿನ್ನ ಮೆಷಿನ್ ಇದ್ಯಲ್ಲೇ! ಇವತ್ತಲ್ದೆ ಇನ್ನು ಯಾವಾಗ?" ಎಂದು ಗುರುದತ್ ಕಾರಿನ ಕಡೆ ಓಡಿದ. ಇಷ್ಟು ವರ್ಷ ನಕ್ಕಿದ್ದ ಅತ್ತೆ ಈಗ ಅವಳೆದುರು ಕೈ ಮುಗಿದು ನಿಂತಿದ್ದರು.

ಬೇರೆ ದಾರಿಯೇ ಇರಲಿಲ್ಲ. ಯಾಮಿನಿ ಹೆಡ್‌ಫೋನ್ ಏರಿಸಿಕೊಂಡು ತಟ್ಟೆ ಬೀಸುತ್ತ ಹೊರಟಳು. ಎಲ್ಲರೂ ಬೆನ್ನ ಹಿಂದೆಯೇ. ಮೊದಲು ನೀರಿನಂಚು, ಆಮೇಲೆ ಟವೆಲ್ ಹಾಸಿದ್ದ ಜಾಗ. ಬೇಲಿಯನ್ನು ಬಿಟ್ಟು ತಿರುಗಿಬಿಡೋಣವೆಂದರೆ, "ಅಲ್ಲೂ ನೋಡಿ ಅತ್ತಿಗೆ, ಅಲ್ಲಿ ಒರಗಿ ಕೂತಿದ್ಲು," ಎಂದ ಅಭಿನವ. ಕೊನೆಯ ಗೂಟದ ಬಳಿ ಕಿವಿಯೊಳಗೆ ದನಿ ಎದ್ದಿತು. ಎಂಥ ದನಿ! ದುಂಡಗೆ, ತುಂಬಿಕೊಂಡು, ಎಲ್ಲೂ ಒಡೆಯದೆ. ಇಂಥದ್ದೊಂದನ್ನು ಕೇಳಲೆಂದೇ ಅವಳು ನದಿ ದಂಡೆಗಳಲ್ಲಿ ಕಾಲು ಸವೆಸಿದ್ದಳು. ಈಗ ಕೇಳಿದರೆ ಮುಖದ ಒಂದು ನರವೂ ಅಲುಗುವ ಹಾಗಿಲ್ಲ. ಅದೇ ವೇಗದಲ್ಲಿ ತಟ್ಟೆಯನ್ನು ಆಚೆ ಬೀಸಿ, ಮುಂದೆ ಹೋಗಿ, ಹೆಡ್‌ಫೋನ್ ಕಳಚಿದಳು.

"ಏನೂ ಇಲ್ಲ."

ಮಧುರಾ ಉಸಿರು ಬಿಟ್ಟದ್ದು ಅವಳೊಬ್ಬಳಿಗೇ ಕಂಡಿತು. ಆದರೆ ಅಭಿನವ ಕೈ ಚಾಚಿದ. "ನಾನೂ ಒಂದ್ಸಲ ಟ್ರೈ ಮಾಡ್ತೀನಿ, ಕೊಡಿ."

ಕೊಡುವ ಮುನ್ನ ಯಾಮಿನಿಯ ಹೆಬ್ಬೆರಳು ಹಿಡಿಯ ಮೇಲಿನ ಒಂದು ಗುಂಡಿಯನ್ನು ಒತ್ತಿತು. ಚಿನ್ನಕ್ಕೂ ಸೋಡಾ ಕ್ಯಾನಿನ ಕಿವಿಗೂ ಯಂತ್ರ ಹೊರಡಿಸುವ ದನಿ ಒಂದೇ. ಕ್ಯಾನಿನ ಕಿವಿಗಳನ್ನು ಅಗೆದು ಅಗೆದು ಸಾಕಾದವರಿಗಾಗಿ ಆ ಗುಂಡಿ ಇದೆ. ಒತ್ತಿದರೆ ಯಂತ್ರ ಆ ದನಿಯನ್ನೇ ನುಂಗಿಬಿಡುತ್ತದೆ, ಚಿನ್ನವೂ ಅದರ ಜೊತೆಗೇ ಹೋಗುತ್ತದೆ. ಅನುಭವಸ್ಥರು ಅದನ್ನು ಮುಟ್ಟುವುದಿಲ್ಲ. ಯಾಮಿನಿ ಮುಟ್ಟಿದ್ದು ಅದೇ ಮೊದಲು.

ಅಭಿನವ ಶಿಸ್ತಿನ ಮನುಷ್ಯ. ಗೆರೆ ಎಳೆದಂತೆ ಬೀಸಿದ. ಕೊನೆಯ ಗೂಟದ ಬುಡದಲ್ಲಿ ತಟ್ಟೆ ತಾಳಿಯ ನೆತ್ತಿಯ ಮೇಲೆ ಹೋಯಿತು, ಬಂದಿತು, ಮತ್ತೆ ಹೋಯಿತು. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಅವನು ಬೆವರು ಒರೆಸಿಕೊಂಡು, "ಸಮುದ್ರಕ್ಕೇ ಹೋಗಿರ್ಬೇಕು, ಬಿಡಮ್ಮ," ಎಂದ. ರಾಜಲಕ್ಷ್ಮಿ ಮರಳ ಮೇಲೆ ಕುಸಿದು ಕೂತರು. ಗೆದ್ದೆವು ಎಂದುಕೊಂಡಳು ಯಾಮಿನಿ. ಅತ್ತೆಯ ಮುಖ ನೋಡಿ ಕರುಳು ಚುರುಕ್ ಎಂದರೂ, ಗೆದ್ದೆವು ಎಂದೇ ಅಂದುಕೊಂಡಳು.

ಅಷ್ಟು ಹೊತ್ತಿಗೆ ಮೊಣಕಾಲು ನೀರಿನಲ್ಲಿ ಕೈಯಾಡಿಸಿ ಸೋತ ಗುರುದತ್ ಪ್ಯಾಂಟು ಹಿಂಡಿಕೊಳ್ಳುತ್ತ ಬಂದ. ತಮ್ಮನ ಹೆಗಲ ಮೇಲಿಂದ ಯಂತ್ರದ ಪುಟ್ಟ ಪರದೆಯತ್ತ ಬಗ್ಗಿ ನೋಡಿದ.

"ಲೋ, ಕ್ಯಾನ್ ಕಿವಿದು ಆನ್ ಆಗಿದ್ಯಲ್ಲೋ! ಹಿಂಗಿದ್ರೆ ಚಿನ್ನಾನೂ ಕೇಳ್ಸಲ್ಲ ಕಣೋ."

"ರೀ," ಎಂದಳು ಯಾಮಿನಿ. ಏನೆಂದು ಹೇಳುವುದು, ಎಲ್ಲರ ಎದುರಿಗೆ?

"ನೀನು ಸುಮ್ನಿರೇ, ನಂಗೊತ್ತು. ಅವಸರದಲ್ಲಿ ಕೈ ತಾಗಿದೆ, ಅಷ್ಟೇ." ಗುಂಡಿ ಒತ್ತಿ, ಹೆಡ್‌ಫೋನಿನ ವೈರು ಕಿತ್ತ. "ಎಲ್ರಿಗೂ ಕೇಳ್ಲಿ. ಇದೆಲ್ಲ ನನ್ನ ಹೆಂಡ್ತಿ ಹೇಳ್ಕೊಟ್ಟಿದ್ದು, ಗೊತ್ತಾ?"

ಅಣ್ಣತಮ್ಮಂದಿರು ಮತ್ತೆ ಬೇಲಿಯುದ್ದಕ್ಕೂ ಬೀಸುತ್ತ ಹೋದರು. ಕೊನೆಯ ಗೂಟದ ಬುಡದಲ್ಲಿ ಯಂತ್ರ ಇಡೀ ದಂಡೆಗೆ ಕೇಳುವಂತೆ ಕೂಗಿತು. ರಾಜಲಕ್ಷ್ಮಿ ಮಂಡಿಯೂರಿ ಬರಿಗೈಯಲ್ಲೇ ಮರಳು ತೋಡಿದರು. ಕರಿಮಣಿ ಮೊದಲು ಕಂಡಿತು, ಆಮೇಲೆ ಚಿನ್ನ. "ಚಾಮುಂಡಿ, ನನ್ತಾಯಿ!" ಎಂದು ಅದನ್ನು ಕಣ್ಣಿಗೊತ್ತಿಕೊಂಡರು. ಪಕ್ಕದ ಕೊಡೆಯಡಿಯಲ್ಲಿದ್ದ ಅಪರಿಚಿತ ಅಮೆರಿಕನ್ನರೂ ಚಪ್ಪಾಳೆ ತಟ್ಟಿದರು. ಮಧುರಾ ಹಳದಿ ದಾರದಲ್ಲಿ ಬೆರಳು ಸಿಕ್ಕಿಸಿಕೊಂಡು ನಿಂತಿದ್ದಳು. ಯಾಮಿನಿಯ ಕಡೆ ನೋಡಲಿಲ್ಲ.

ಅಭಿನವ ಸರವನ್ನು ಕೈಗೆ ತೆಗೆದುಕೊಂಡು ಮರಳು ಊದಿದ. ಎಲ್ಲೂ ಕಡಿದಿಲ್ಲ. ಕೊಕ್ಕೆ ಸವೆದಿಲ್ಲ, ಸೀಳಿಲ್ಲ. ಯಾರೋ ನಿಧಾನವಾಗಿ ಬಿಚ್ಚಿದಂತೆ ನೀಟಾಗಿ ತೆರೆದಿತ್ತು. ಅವನು ಅದನ್ನು ತುಸು ಹೊತ್ತು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಕೋಪದ ಸುಳಿವೂ ಇರಲಿಲ್ಲ.

"ಕೊಕ್ಕೆ ಲೂಸು," ಎಂದ. "ಅಣ್ಣ, ಸಣ್ಣ ಇಕ್ಕಳ ಏನಾದ್ರೂ ಸಿಗತ್ತಾ?"

"ಇಲ್ಲ," ಎಂದಳು ಯಾಮಿನಿ, ಕೇಳಿದ್ದು ತನ್ನನ್ನಲ್ಲದಿದ್ದರೂ.

"ಇದ್ಯಲ್ಲೇ, ಗಾಳ ಕೀಳೋಕೆ ಇಟ್ಕೊಂಡಿರ್ತೀಯಲ್ಲ!" ಗುರುದತ್ ಅವಳ ಸೊಂಟದ ಚೀಲಕ್ಕೆ ಕೈ ಹಾಕಿ ತೆಗೆದುಕೊಟ್ಟ.

ರಾಜಲಕ್ಷ್ಮಿ ಸೊಸೆಯ ಜಡೆಯನ್ನು ಮೇಲೆತ್ತಿ ಹಿಡಿದರು. ಅಭಿನವ ಸರ ಹಾಕಿ, ಕೊಕ್ಕೆ ಸೇರಿಸಿ, ಇಕ್ಕಳದಿಂದ ಅದರ ಬಾಯಿಯನ್ನು ಪೂರ್ತಿ ಮುಚ್ಚುವವರೆಗೆ ಅದುಮಿದ. ಉಗುರು ಹಾಕಿದರೂ ತೆರೆಯಲಿಲ್ಲ. "ನೋವಾಯ್ತಾ?" ಎಂದು ಮೆಲ್ಲಗೆ ಕೇಳಿದ. ಮಧುರಾ ಇಲ್ಲವೆಂದು ತಲೆಯಾಡಿಸಿದಳು. ರಾಜಲಕ್ಷ್ಮಿಯವರು ದೃಷ್ಟಿ ನೀವಾಳಿಸಿದರು.

ಎಲ್ಲರೂ ಮನೆಯ ಕಡೆ ಹೊರಟರು. ಮಧುರಾ ಮುಂದೆ, ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಅತ್ತೆ. ಹಿಂದೆ ಉಳಿದ ಗುರುದತ್ ಯಂತ್ರವನ್ನು ಹೆಗಲಿಗೇರಿಸಿಕೊಂಡು ಬೀಗುತ್ತಿದ್ದ.

"ಏನೇ, ನಿಂಗೆ ಖುಷಿ ಆಗ್ಲಿಲ್ವಾ?"

"ಅವಳೇ ಹೂತಿದ್ದು ರೀ. ಬಿಟ್ಟುಹೋಗೋಕೆ. ನಾನು ತೆಗ್ದು ಕಳಿಸ್ತೀನಿ ಅಂದಿದ್ದೆ."

ಗುರುದತ್‌ನ ಕಾಲು ಅಲ್ಲೇ ನಿಂತಿತು. ತಮ್ಮನ ಬೆನ್ನನ್ನು ನೋಡಿದ, ಅವನು ವಾಪಸು ಕೊಟ್ಟಿದ್ದ ಇಕ್ಕಳವನ್ನು ತನ್ನ ಕೈಯಲ್ಲಿ ನೋಡಿದ. "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ರಿ?"

ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ, ಅವಳ ಮುಖ ನೋಡದೆ ಇಕ್ಕಳವನ್ನು ಅವಳ ಚೀಲಕ್ಕೆ ತುರುಕಿದ. ಯಾಮಿನಿಗೆ ಅಳು ಬಂತು, ಅವನ ಮೇಲೆ, ತನ್ನ ಮೇಲೆ, ಊಟದ ಹೊತ್ತಿನ ಆ ಎಲ್ಲ ಕಥೆಗಳ ಮೇಲೆ ಸಿಟ್ಟೂ ಬಂತು. ಮುಂದಿನಿಂದ ಅಭಿನವ ತಿರುಗಿ ಕೈ ಬೀಸಿದ.

"ಅತ್ತಿಗೇ, ಯಾಕೆ ಹಿಂದೆ ಉಳಿದ್ರಿ? ಬನ್ನಿ, ಇವತ್ತು ನಿಮ್ಮಿಂದಾನೇ ಸಿಕ್ಕಿದ್ದು!"

ಮಧುರಾ ತಿರುಗಿ ನೋಡಲಿಲ್ಲ.