ಐದು ಗಂಟೆಗೆ ಎದ್ದು ನಿಲ್ಲುತ್ತಿದ್ದವರು

ಕೊನೆಯ ವರ್ಷಗಳಲ್ಲಿ ಸಂಜೆ ಐದು ಹೊಡೆಯುತ್ತಲೇ ವಹಾಬ್ ಸಾಹೇಬರು ಕುಳಿತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಮಾತು ಅರ್ಧಕ್ಕೆ ಬಂದಿರಲಿ, ಚಹಾದ ಲೋಟ ತುಟಿಯ ಬಳಿಗೆ ತಲುಪಿರಲಿ, ಮತ್ತಿಕೆರೆಯ ಅವರ ಮನೆಯ ಗೋಡೆ ಗಡಿಯಾರ ಐದನೆಯ ಪೆಟ್ಟು ಬಾರಿಸುವಷ್ಟರಲ್ಲಿ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಯಾರೋ ತಮ್ಮ ಹೆಸರು ಕರೆಯಲಿದ್ದಾರೆಂದು ಕಾಯುವವರಂತೆ ಒಂದು ನಿಮಿಷ ನಿಂತು, ಬಳಿಕ ಏನೂ ನಡೆದಿಲ್ಲವೆಂಬಂತೆ ಕೂತುಬಿಡುತ್ತಿದ್ದರು. ನಮಾಜಿನ ಹೊತ್ತಾಯಿತೇನೋ ಎಂದು ಮೊದಮೊದಲು ನಾನು ಭಾವಿಸಿದ್ದೆ. "ನಮಾಜಿಗೆ ಇಷ್ಟು ಟೈಮಿಗೆ ಸರಿಯಾಗಿ ಎದ್ದಿದ್ರೆ ಇವ್ರು ಇಷ್ಟೊತ್ತಿಗೆ ಔಲಿಯಾ ಸಂತರೇ ಆಗ್ಬಿಡ್ತಿದ್ರು ಬಿಡಿ" ಎಂದು ಅವರ ಪತ್ನಿ ಖುರ್ಷೀದ್ ಬೇಗಂ ನಕ್ಕಿದ್ದರು. ಆದರೆ ಕಾರಣವನ್ನು ಅವರೂ ಹೇಳಲಿಲ್ಲ.

ನಾನು ಅದೇ ಬೀದಿಯ ಬಾಡಿಗೆ ಮನೆಯಲ್ಲಿದ್ದ ಕಾಲೇಜು ಅಧ್ಯಾಪಕ, ಅವರು ವಕೀಲರು. ಸದಾ ಧರಿಸುತ್ತಿದ್ದ ಕಪ್ಪು ಕೋಟು ಮೊಳಕೈಯಲ್ಲಿ ಸವೆದು ಹಸಿರುಗಟ್ಟಿತ್ತು, ಒಳಜೇಬು ಮಾತ್ರ ಕಾಗದಗಳಿಂದ ಯಾವಾಗಲೂ ಉಬ್ಬಿರುತ್ತಿತ್ತು. ಏನನ್ನೇ ಹೇಳುವುದಿದ್ದರೂ "ಅರ್ಜಿ ಏನಂದ್ರೆ" ಎಂದೇ ಆರಂಭ. "ಅರ್ಜಿ ಏನಂದ್ರೆ ಬೇಗಂ, ಸಾರಿಗೆ ಉಪ್ಪಿಲ್ಲ" ಎಂದು ಊಟಕ್ಕೆ ಕೂತಾಗಲೂ ವಿನಂತಿಸುತ್ತಿದ್ದ ಮನುಷ್ಯ. ಅವರ ನಡಿಗೆಯೂ ಅಂಥದೇ. ರಸ್ತೆ ಖಾಲಿಯಿದ್ದರೂ, ಹಿಂದೆ ಯಾರೋ ಅವಸರದವರು ಬರುತ್ತಿದ್ದಾರೆಂಬಂತೆ, ಎಡಕ್ಕೆ ವಾಲಿ, ದಾರಿ ಬಿಟ್ಟುಕೊಟ್ಟೇ ನಡೆಯುತ್ತಿದ್ದರು. ಒಮ್ಮೆ ಯಲಹಂಕಕ್ಕೆ ನಾವಿಬ್ಬರೂ ಹೊರಟಾಗ ಹೆಂಗಸರು, ಮುದುಕರು, ಕೋಳಿ ಬುಟ್ಟಿ ಹಿಡಿದವರು ಎಂದು ಎಲ್ಲರನ್ನೂ ಮೊದಲು ಹತ್ತಿಸಿ ಎರಡು ಬಸ್ಸು ತಪ್ಪಿಸಿದರು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಅವರು ಮಾತ್ರ, "ಅರ್ಜಿ ಏನಂದ್ರೆ, ಅವರಿಗೆ ನಮಗಿಂತ ಜರೂರು ಇತ್ತು ಕಣ್ರೀ" ಎಂದು ಮೂರನೆಯ ಬಸ್ಸಿಗೆ ನಿಶ್ಚಿಂತರಾಗಿ ಕಾದರು.

ಇಂಥವರು ಎಂಬತ್ತರ ಚುನಾವಣೆಯಲ್ಲಿ ದೂರದ ಬರಡು ಸೀಮೆಯೊಂದರಿಂದ ಲೋಕಸಭೆಗೆ ಆರಿಸಿಹೋದದ್ದು ನಮ್ಮ ಬೀದಿಗೇ ಸೋಜಿಗದ ಸಂಗತಿಯಾಗಿತ್ತು. ವಿರೋಧ ಪಕ್ಷದ ಕೊನೆಯ ಸಾಲಿನಲ್ಲಿ ಅವರಿಗೆ ಜಾಗ. ದಿಲ್ಲಿಯಿಂದ ಬಂದಾಗಲೆಲ್ಲ ಮತ್ತಿಕೆರೆಯ ಮನೆಯ ಜಗಲಿಯಲ್ಲಿ ಅದೇ ಕೋಟಿನಲ್ಲಿ ಕೂತು ಅವರಿವರ ಅರ್ಜಿ ಬರೆದುಕೊಡುತ್ತಿದ್ದರು.

ಅಟ್ಟೂರಿನ ಲಕ್ಷ್ಮಿದೇವಮ್ಮ ಬಂದದ್ದು ಆ ಜಗಲಿಗೆ. ಆಕೆಯ ಗಂಡ ಚಿಕ್ಕಮಾರಯ್ಯ ಕೇಂದ್ರ ಸರ್ಕಾರದ ಸಶಸ್ತ್ರ ಪೊಲೀಸ್ ಪಡೆಯೊಂದರಲ್ಲಿ ಕಾನ್‌ಸ್ಟೇಬಲ್. ಪೂರ್ವದ ಗುಡ್ಡಗಾಡಿನಲ್ಲಿ ಗಸ್ತಿಗೆ ಹೋದವನು ಮರಳಲಿಲ್ಲ. ಹಗ್ಗದ ಸೇತುವೆ ಹರಿದು ಹೊಳೆಪಾಲಾದನೆಂದು ಜೊತೆಗಾರನೊಬ್ಬ ಕಾಗದ ಬರೆದಿದ್ದ. ಶವ ಸಿಗಲಿಲ್ಲವಾಗಿ ಇಲಾಖೆ ಮಾತ್ರ 'ಕರ್ತವ್ಯದಿಂದ ಓಡಿಹೋದವನು' ಎಂದು ಷರಾ ಬರೆದು ಕಡತ ಮುಚ್ಚಿತ್ತು. ಪಿಂಚಣಿ ಇಲ್ಲದ್ದನ್ನು ಆಕೆ ಹೇಗೋ ಸಹಿಸಿದ್ದಳು. ಊರಬಾವಿಯ ಬಳಿ ಜನ ಆಡುವ ಮಾತನ್ನು ಸಹಿಸಲಾರದೆ ಬಂದಿದ್ದಳು.

"ದುಡ್ಡು ಕೊಡ್ದಿದ್ರೆ ಓಗ್ಲಿ ಸೋಮಿ," ಎಂದಳು. "ನಮ್ಮೆಜಮಾನ್ರು ಓಡೋದೋರಲ್ಲ ಅಂತ ಒಂದ್ ಮಾತ ದೊಡ್ ಸಭೇಲಿ ಏಳಿ ಸಾಕು."

ಎಂಬತ್ತೆರಡರ ವಸಂತದಲ್ಲಿ ಗೃಹಖಾತೆಯ ಅನುದಾನ ಸದನದ ಮುಂದೆ ಬಂತು. ದೇಶದೊಳಗಿನ ಕಾವಲು ಪಡೆಗಳಿಗೂ ಗುಪ್ತಚರರಿಗೂ ವರ್ಷದ ಖರ್ಚಿಗೆ ಕೋಟಿ ಕೋಟಿ ಹಣವನ್ನು ಸದನ ಒಪ್ಪಿಕೊಡಬೇಕಾದ ದಿನವದು. ಅಂದು ಯಾರೋ ಒಬ್ಬ ಬಡಪಾಯಿಯ ಅಹವಾಲನ್ನು ಎತ್ತಬೇಕೆಂದರೆ ಸಂಸತ್ತಿನಲ್ಲಿ ಒಂದು ಹಳೆಯ ಪದ್ಧತಿಯಿದೆ. ಆ ಕೋಟಿಗಳಲ್ಲಿ ನೂರು ರೂಪಾಯಿ ಕಡಿಮೆ ಮಾಡಿ ಎಂದು ಸದಸ್ಯ ಸೂಚನೆ ಕೊಡುತ್ತಾನೆ. ನೂರು ರೂಪಾಯಿ ಯಾರಿಗೂ ಬೇಕಿಲ್ಲ. ಅದು ಒಳಗೆ ಬರಲು ತಟ್ಟುವ ಬಾಗಿಲು ಮಾತ್ರ. ಚಿಕ್ಕಮಾರಯ್ಯನ ಕಣ್ಮರೆಯ ಬಗ್ಗೆ ಸರಿಯಾದ ವಿಚಾರಣೆ ನಡೆದಿಲ್ಲವೆಂದು ಕಾರಣ ಬರೆದು ಸಾಹೇಬರು ಅಂಥದೊಂದು ಕಡಿತ ಸೂಚನೆ ಸಲ್ಲಿಸಿದರು. ತಾವು ಮಾತನಾಡುವ ದಿನವನ್ನೂ ಹೊತ್ತನ್ನೂ ಅಟ್ಟೂರಿಗೆ ಹೇಳಿ ಕಳುಹಿಸಿದರು.

ಆ ವಾರದ ಕೊನೆಗೆ ಅವರು ಊರಿಗೆ ಮರಳಿದ ಬೆಳಿಗ್ಗೆ ನಾನು ಜಗಲಿಯಲ್ಲೇ ಇದ್ದೆ. ಲಕ್ಷ್ಮಿದೇವಮ್ಮ ಆಗಲೇ ಬಂದು ಕಾಯುತ್ತಿದ್ದಳು. ಚರ್ಚೆಯ ದಿನ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೂ ಒಗೆದ ಸೀರೆಯುಟ್ಟು, ಊರ ಟೀ ಅಂಗಡಿಯ ರೇಡಿಯೋ ಮುಂದೆ ಕೂತಿದ್ದಳಂತೆ. ಸದನದ ಮಾತು ರೇಡಿಯೋದಲ್ಲಿ ಬರುವುದಿಲ್ಲವೆಂದು ಆಕೆಗೆ ಹೇಳಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

"ಬರೀ ಆಡು ಬಂತು ಸೋಮಿ. ನೀವು ಏಳಿದ್ರಾ?"

ಸಾಹೇಬರು ಕೋಟಿನ ಒಳಜೇಬನ್ನು ಮೇಲಿಂದಲೇ ಒಮ್ಮೆ ಒತ್ತಿಕೊಂಡರು. "ಹೇಳಿದೆ ತಾಯಿ" ಎಂದರು.

ಲಕ್ಷ್ಮಿದೇವಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅಂದಿನಿಂದ ಊರಬಾವಿಯ ಬಳಿ ಆಕೆ ತಲೆಯೆತ್ತಿ ನಿಲ್ಲತೊಡಗಿದಳೆಂದು ಅಟ್ಟೂರಿನ ನನ್ನ ವಿದ್ಯಾರ್ಥಿಗಳು ಹೇಳುತ್ತಿದ್ದರು. ಅಂದು 'ಅರ್ಜಿ ಏನಂದ್ರೆ' ಇಲ್ಲದೆ ಆರಂಭವಾದ ಮಾತೊಂದನ್ನು ಅವರ ಬಾಯಲ್ಲಿ ಮೊದಲ ಸಲ ಕೇಳಿದ್ದೆ, ಆದರೂ ನನಗೆ ಏನೂ ತಿಳಿಯಲಿಲ್ಲ.

ತಿಳಿದದ್ದು ನಾಲ್ಕು ವರ್ಷದ ಮೇಲೆ, ಅವರು ಚುನಾವಣೆ ಸೋತು ಮನೆ ಸೇರಿದ ನಂತರ. ಯಾವುದೋ ಲೇಖನಕ್ಕಾಗಿ ಗ್ರಂಥಾಲಯದಲ್ಲಿ ಸಂಸತ್ತಿನ ನಡಾವಳಿಯ ಸಂಪುಟಗಳನ್ನು ತಿರುವುತ್ತಿದ್ದಾಗ ಆ ದಿನದ ಪುಟ ಸಿಕ್ಕಿತು. ಸಣ್ಣ ಅಕ್ಷರದ ಪಟ್ಟಿಯಲ್ಲಿ, ನೂರಾರು ಸೂಚನೆಗಳ ನಡುವೆ, ಅಟ್ಟೂರಿನ ಚಿಕ್ಕಮಾರಯ್ಯನ ಹೆಸರಿತ್ತು. ಮುಂದಿನ ಎಂಬತ್ತು ಪುಟ ಮಗುಚಿದರೂ ವಹಾಬ್ ಸಾಹೇಬರ ಭಾಷಣ ಮಾತ್ರ ಇರಲಿಲ್ಲ.

ಬಿಸಿಬಿಸಿಯಾಗಿ ಹೋಗಿ ಕೇಳಿದೆ. ಅವರು ನಡೆದದ್ದನ್ನು ಹೇಳಿದರು. ಆ ಖಾತೆಯ ಚರ್ಚೆಗೆ ಐದು ಗಂಟೆಯ ಗಡುವು ಗೊತ್ತಾಗಿತ್ತು. ಗಡುವು ಬಂದರೆ ಉಳಿದದ್ದನ್ನೆಲ್ಲ ಮಾತಿಲ್ಲದೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಸಾಹೇಬರ ಸರದಿ ಬಂದಾಗ, ಮಂಡಿ ನೋವಿನ ವೃದ್ಧ ಸದಸ್ಯರೊಬ್ಬರು ರೈಲು ಹಿಡಿಯಬೇಕು, ಎರಡೇ ನಿಮಿಷ ಎಂದು ಕೇಳಿಕೊಂಡರು. ಇವರು ಬಿಟ್ಟುಕೊಟ್ಟರು. ವೃದ್ಧರು ಗೃಹಖಾತೆಗೆ ಸಂಬಂಧವೇ ಇಲ್ಲದ ತಮ್ಮೂರಿನ ರೈಲ್ವೆ ಗೇಟಿನ ಬಗ್ಗೆ ಅರ್ಧ ಗಂಟೆ ಮಾತನಾಡಿದರು. ಆಮೇಲೆ ಮಂತ್ರಿಗಳ ಉತ್ತರ. ಅದು ಮುಗಿಯುವಾಗ ಐದಾಗುತ್ತಿತ್ತು.

"ನಾನು ಎದ್ದು ನಿಂತು, ಕೈ ಎತ್ಕೊಂಡು, ಒಂದೇ ನಿಮಿಷ, ಒಂದೇ ನಿಮಿಷ ಅಂತಾನೇ ಇದ್ದೆ. ಅಷ್ಟರಲ್ಲಿ ಎಲ್ಲ ಕಡಿತಗಳ್ನೂ ಒಟ್ಟಿಗೆ ಮತಕ್ಕೆ ಹಾಕ್ಬಿಟ್ರು. ಒಪ್ಪೋರು ಹೌದು ಅನ್ನಿ ಅಂದ್ರು. ನಾನಿನ್ನೂ ಟೈಮು ಕೇಳ್ತಾನೇ ಇದ್ದೆ ಮೇಷ್ಟ್ರೇ. ಆ ತಾಯಿ ಗಂಡನ ಸೂಚನೆಗೆ ನಾನೇ ಹೌದು ಅನ್ನಲಿಲ್ಲ."

"ಹೆಸರಾದರೂ ಅಚ್ಚಾಗಿದೆಯಲ್ಲ ಸಾಹೇಬರೇ, ಆಕೆಗೆ ತೋರಿಸೋಣ" ಎಂದೆ.

ಕೋಟಿನ ಒಳಜೇಬಿನಿಂದ ಅದೇ ಪುಟದ ಮಾಸಲು ಪ್ರತಿಯನ್ನು ತೆಗೆದು ನನ್ನ ಮುಂದಿಟ್ಟರು. "ಅರ್ಜಿ ಏನಂದ್ರೆ, ಕೊನೆ ಸಾಲೂ ಓದಿ. ಎಲ್ಲ ಸೂಚನೆಗಳೂ ತಿರಸ್ಕೃತ ಅಂತಿದೆ. ಯಾರು ಬೇಡ ಅಂದ್ರು ಅಂತ ಆ ತಾಯಿ ಕೇಳಿದ್ರೆ ಏನ್ ಹೇಳ್ಲಿ?"

ಇಲಾಖೆಗೆ ಅವರು ಪತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಪರಿಶೀಲನೆಯಲ್ಲಿದೆ ಎಂಬ ಉತ್ತರವೂ ನಿಲ್ಲಲಿಲ್ಲ. ಎಂಬತ್ತೆಂಟರಲ್ಲಿ ಅವರು ತೀರಿಕೊಂಡರು. ಜನಾಜಾ ಹೊರಟಾಗ ಲಕ್ಷ್ಮಿದೇವಮ್ಮ ಗೇಟಿನ ಹೊರಗೆ ಹೊಂಗೆಮರದ ಕೆಳಗೆ ನಿಂತಿದ್ದಳು. ನಾನು ಹತ್ತಿರ ಹೋದೆ.

"ನಮ್ಮೆಜಮಾನ್ರ ಎಸ್ರು ದೊಡ್ ಸಭೇಲಿ ಏಳ್ದೋರು ಇವ್ರೊಬ್ರೇ ಸೋಮಿ. ನೀವು ಓದ್ದೋರು, ನಿಮ್ಗೆ ಗೊತ್ತಿರ್ತದೆ. ಔದಲ್ವಾ?"

ಅವರು ಅಂದು ಸದನದಲ್ಲಿ ಆಡಲಾಗದೆ ಉಳಿದ ಮಾತು ನನ್ನ ಪಾಲಿಗೆ ಬಂದಿತ್ತು. "ಹೌದಮ್ಮ" ಎಂದೆ.

ದೇಶವನ್ನು ಕಾಯುವ ಪಡೆಗಳಿಗೆ ಹಣ ಒಪ್ಪಿಕೊಡುವವರು ಪ್ರತಿವರ್ಷವೂ ಇರುತ್ತಾರೆ, ಒಪ್ಪಿಕೊಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಆ ಕೋಟಿಗಳ ನಡುವೆ ಕಳೆದುಹೋದ ಒಬ್ಬನ ಹೆಸರು ಹಿಡಿದು ನಿಲ್ಲುವ ಸಜ್ಜನರು ಅಪರೂಪ. ಅಂಥವರು ಬಹುಮಟ್ಟಿಗೆ ದಾರಿ ಬಿಟ್ಟುಕೊಟ್ಟೇ ಸೋಲುತ್ತಾರೆ. ಆದರೆ ಒಮ್ಮೆ ಎದ್ದು ನಿಂತ ಮೇಲೆ ಅವರು ಸಾಯುವವರೆಗೂ ಪೂರ್ತಿಯಾಗಿ ಕೂರುವುದಿಲ್ಲ.