ಫೆರ್ಮಿನ್‌ನ ದನಿ

"ಕೊನೆಯವರು ಯಾರು?" ಎನ್ನುತ್ತಲೇ ನೆರೇಯ್ದಾ ಒಳಗೆ ಬಂದಳು. ನನ್ನ ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಆದರೂ ನಮ್ಮ ಸಾಂತಾ ಕ್ಲಾರಾ ಊರಿನಲ್ಲಿ ಯಾವ ಬಾಗಿಲು ಹೊಕ್ಕರೂ ನಾವು ಹಾಗೆ ಕೇಳಿಯೇ ತೀರುತ್ತೇವೆ. ಯಾರ ಹಿಂದೆ ನಮ್ಮ ಸರದಿ ಎಂದು ತಿಳಿಯಲು ಕೇಳುವ ಮಾತದು, ಸಾಲಿನಲ್ಲಿ ನಿಂತೂ ನಿಂತೂ ಅಂಟಿದ ಚಟ.

"ನೀವೇ ಮೊದಲು, ನೀವೇ ಕೊನೆ, ಅಕ್ಕಾ. ಪೆನ್‌ಡ್ರೈವಿಗೆ ಯಾವ ಧಾರಾವಾಹಿ ಹಾಕ್ಲಿ?"

"ಧಾರಾವಾಹಿ ಮನೆ ಹಾಳಾಗ. ಇದರೊಳಗಿಂದ ಫೆರ್ಮಿನ್‌ನ ತೆಗೆದುಕೊಡು." ಫೋನನ್ನೂ ಹೊಸ ಪೆನ್‌ಡ್ರೈವನ್ನೂ ಮೇಜಿನ ಮೇಲಿಟ್ಟಳು.

ಅವಳ ಗಂಡ ಫೆರ್ಮಿನ್‌ನದು ಚುಟ್ಟಾ ಕಾರ್ಖಾನೆಯಲ್ಲಿ ಓದಿ ಹೇಳುವ ಕೆಲಸ. ಜನ ಎಲೆ ಸುತ್ತುತ್ತಿದ್ದರೆ ಇವನು ಎತ್ತರದ ಕುರ್ಚಿಯಲ್ಲಿ ಕೂತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದುತ್ತಿದ್ದ. ಯಾರೋ ವಿದೇಶಿ ಅದನ್ನು ಧ್ವನಿಮುದ್ರಿಸಿ ತನ್ನ ಜಾಲತಾಣದಲ್ಲಿ ಹಾಕಿದ್ದ. ಫೆರ್ಮಿನ್ ಸತ್ತ ಮೇಲೆ ನೆರೇಯ್ದಾ ಪ್ರತಿ ಭಾನುವಾರ ವೈಫೈ ಸಿಗುವ ಪಾರ್ಕಿನಲ್ಲಿ ಕೂತು ಕೇಳುತ್ತಿದ್ದಳು.

"ಆ ಪುಟನೇ ಇಲ್ಲ ಅನ್ನುತ್ತೆ ಈಗ. ಹೋಗ್ಲಿ, ನೂರು ಸಲ ಕೇಳಿದೀನಲ್ಲ, ಫೋನಿನೊಳಗೆ ಇದ್ದೇ ಇರುತ್ತೆ."

ತಪ್ಪು ಅವಳದಲ್ಲ. ಮನೆಗಳಲ್ಲಿ ಇಂಟರ್ನೆಟ್ ಇಲ್ಲದ ನಮ್ಮೂರಿಗೆ ಸಿನಿಮಾ, ಹಾಡು ಎಲ್ಲವೂ ವಾರಕ್ಕೊಮ್ಮೆ ಹಾರ್ಡ್‌ಡಿಸ್ಕಿನಲ್ಲಿ ಬರುತ್ತದೆ, ನಾನು ನಕಲು ಮಾಡಿ ಕೊಡುತ್ತೇನೆ. ಕೇಳಿದ್ದು ಕೈಯಲ್ಲಿ ಉಳಿಯುವುದೇ ನಮಗೆ ರೂಢಿ. ಫೋನನ್ನು ಮೂಲೆಮೂಲೆ ಜಾಲಾಡಿದೆ. ಮೊಮ್ಮಗಳ ಫೋಟೋಗಳಷ್ಟೇ ಇದ್ದವು.

"ಅಕ್ಕಾ, ಅದು ನಲ್ಲಿ ನೀರಿದ್ದ ಹಾಗೆ. ಬಂತು, ಹರಿದುಹೋಯ್ತು. ಇಳಿಸಿಕೊಂಡಿದ್ರೆ ಮಾತ್ರ ಉಳೀತಿತ್ತು."

"ನಲ್ಲಿ ನಂಬಿ ಕೂತವಳಲ್ಲ ನಾನು. ಮನೇಲಿ ಇರೋ ಬಾಟ್ಲಿಗೆಲ್ಲ ನೀರು ತುಂಬಿಡ್ತೀನಿ!" ರೇಗಿದವಳ ಮುಖ ತಟ್ಟನೆ ಅರಳಿತು. "ಅಯ್ಯೋ ಮರೆತೇಬಿಟ್ಟೆ. ಹೋದ ವರ್ಷ ನೀನು ನಿನ್ನ ಕಂಪ್ಯೂಟರಿಗೆ ಇಳಿಸಿದ್ಯಲ್ಲ! ಪೆನ್‌ಡ್ರೈವ್ ತನ್ನಿ, ಅವಸರ ಇಲ್ಲ ಅಂತ ನೀನೇ ಅಂದಿದ್ದೆ."

ಇಳಿಸಿದ್ದು ನಿಜ. ಹನ್ನೊಂದು ಕಡತ, ಇಡೀ ಫೆರ್ಮಿನ್.

"ಆಗಲೇ ಮುಂದಿನ ಶನಿವಾರ ಹೊಸ ಸರಕು ಬಂತು, ಅಕ್ಕಾ. ಪ್ರತಿ ಶನಿವಾರ ಹಳೇದನ್ನ ಅಳಿಸ್ತೀನಿ. ತಾಣದಲ್ಲಿ ಇದ್ದೇ ಇರುತ್ತಲ್ಲ ಅಂದ್ಕೊಂಡೆ."

"ಅಳಿಸಿ ಏನು ಹಾಕಿದೆ?"

"ಆ ಟರ್ಕಿ ಧಾರಾವಾಹಿ."

ನೂರಿಪ್ಪತ್ತು ಕಂತುಗಳ ಆ ಧಾರಾವಾಹಿಯನ್ನು ಮೊದಲು ತುಂಬಿಸಿಕೊಂಡು ಹೋದವಳು ಅವಳೇ. ಅದು ಅವಳಿಗೂ ಗೊತ್ತಿತ್ತು. ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿದೆ.

ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ನಿಂತು, "ಕೊನೆಯವರು ಯಾರು?" ಎಂದು ಕೇಳಿದರು.

"ನಾನೇ," ಎಂದಳು ನೆರೇಯ್ದಾ. ಖಾಲಿ ಪೆನ್‌ಡ್ರೈವ್ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.