ಬೆಳಗಿನ ಜಾವದ ವಿನಾಯಿತಿ

ಚಾಮರಾಜಪೇಟೆಯ ಆ ಮನೆಯ ವಿದ್ಯುತ್ ಸಂಪರ್ಕ ವಿಶಾಖಾಳ ಹೆಸರಿನಲ್ಲಿತ್ತು. ಆ ಮನೆಯಲ್ಲಿ ವಿಶಾಖಾ ಇರಲಿಲ್ಲ.

ಸಂಪರ್ಕವನ್ನು ಅವಳ ಹೆಸರಿಗೆ ಮಾಡಿಸಿದವರು ಮಾವ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಹಳೆಯ ಮೀಟರು ಕೆಟ್ಟುಹೋಗಿ ಹೊಸದನ್ನು ಕೂರಿಸುವ ಪ್ರಸಂಗ ಬಂದಿತ್ತು. ಮನೆಯ ದೀಪ ಅದನ್ನು ಹಚ್ಚುವವಳ ಹೆಸರಿನಲ್ಲಿರುವುದೇ ಶಾಸ್ತ್ರವೆಂದು ಹಟ ಹಿಡಿದು, ಇಳಿವಯಸ್ಸಿನಲ್ಲಿ ತಾವೇ ಕಚೇರಿಗೆ ಅಲೆದು, ಅವರು ಆ ಕೆಲಸವನ್ನು ಮುಗಿಸಿಕೊಂಡು ಬಂದಿದ್ದರು. ಅಂಥ ಶಾಸ್ತ್ರ ಯಾವ ಗ್ರಂಥದಲ್ಲಿದೆಯೆಂದು ಸಂಸ್ಕೃತ ಓದಿದ ಸೊಸೆ ನಗುತ್ತ ಕೇಳಿದಾಗ, ಇಲ್ಲದಿದ್ದರೆ ಬರೆದು ಸೇರಿಸಿಕೋ ಎಂದಿದ್ದರು. ಆ ಹಿರಿಯರು ತೀರಿಕೊಂಡ ಮೇಲೆ ಮನೆಯಲ್ಲಿ ಗಂಡಹೆಂಡಿರಿಬ್ಬರೇ ಉಳಿದರು. ತಮ್ಮ ನಡುವಿನ ಮಾತೆಲ್ಲ ಇಷ್ಟು ಕಾಲವೂ ಅವರ ಮೂಲಕವೇ ಹಾದುಹೋಗುತ್ತಿತ್ತೆಂಬುದು ಆಗ ಇಬ್ಬರಿಗೂ ತಿಳಿಯಿತು.

ಜಗಳವೇನೂ ಆಗಲಿಲ್ಲ. ಮಲ್ಲೇಶ್ವರದ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದ ವಿಶಾಖಾ, ಪರೀಕ್ಷೆಯ ಕಾಲದಲ್ಲಿ ಓಡಾಟ ಕಷ್ಟವೆಂದು ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಳು. ಪರೀಕ್ಷೆ ಮುಗಿಯಿತು. ಬಾ ಎಂದು ಗಂಡ ಈಶ್ವರ್ ಕರೆಯಲಿಲ್ಲ. ಬರಲೇ ಎಂದು ಅವಳು ಕೇಳಲಿಲ್ಲ. ಆ ಕೋಣೆಗೆ ಒಂದು ಕಿಟಕಿ, ಒಂದು ಬಚ್ಚಲು ಇದ್ದವು; ಗೀಸರ್ ಇರಲಿಲ್ಲ. ಹಾಕಿಸಿಕೊಡಿ ಎಂದು ಮನೆಯ ಯಜಮಾನರನ್ನು ಕೇಳುವುದಕ್ಕೆ, ತಾನು ಇಲ್ಲಿ ಉಳಿಯುವವಳು ಎಂದು ಮೊದಲು ಒಪ್ಪಿಕೊಳ್ಳಬೇಕಾಗಿತ್ತು. ಅದನ್ನು ಮುಂದೂಡುತ್ತಲೇ ಎರಡು ವರ್ಷ ಕಳೆದವು.

ಅಷ್ಟರಲ್ಲಿ ಚಾಮರಾಜಪೇಟೆಯ ಆ ಬೀದಿಗೆ ಸ್ಮಾರ್ಟ್ ಮೀಟರುಗಳು ಬಂದವು. ಅರ್ಧ ಗಂಟೆಗೊಮ್ಮೆ ಪ್ರತಿ ಮನೆಯ ಬಳಕೆಯ ಲೆಕ್ಕ ಮೀಟರಿನಿಂದ ಕಚೇರಿಗೂ, ಅಲ್ಲಿಂದ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಫೋನಿಗೂ ಹೋಗತೊಡಗಿತು. ಮಲ್ಲೇಶ್ವರದ ಕೋಣೆಯಲ್ಲಿ ಕುಳಿತ ವಿಶಾಖಾಳ ಅಂಗೈಯಲ್ಲಿ ಅವಳು ಬಿಟ್ಟುಬಂದ ಮನೆಯ ದಿನವೆಲ್ಲ ನೀಲಿ ಕಂಬಗಳಾಗಿ ಮೂಡುತ್ತಿತ್ತು. ಬೆಳಗಿನ ಜಾವದ ಎತ್ತರದ ಕಂಬ ಈಶ್ವರನ ಸ್ನಾನದ ನೀರು. ಮಧ್ಯಾಹ್ನದ್ದು ಅವನ ಅನ್ನ, ಏಕೆಂದರೆ ಸಿಲಿಂಡರಿಗೆ ಹೆದರಿ ಅವನು ಇಂಡಕ್ಷನ್ ಒಲೆಯನ್ನು ಕೊಂಡಿದ್ದನು. ಸಂಜೆಯ ಮೋಟುಕಂಬ ನಡುಮನೆಯ ದೀಪ ಮತ್ತು ಟಿವಿ. ಆಮೇಲೆ ರಾತ್ರಿಯುದ್ದಕ್ಕೂ ಫ್ರಿಜ್ಜಿನ ಉಸಿರಾಟದಂಥ ಸಣ್ಣ ಏರಿಳಿತ. ಜೊತೆಯಲ್ಲಿದ್ದಾಗ ಅವನ ದಿನಚರಿಯನ್ನು ಅವಳು ಇಷ್ಟು ಗಮನವಿಟ್ಟು ನೋಡಿರಲಿಲ್ಲ.

ಮೀಟರುಗಳ ಬೆನ್ನಿಗೇ ಇನ್ನೊಂದು ಯೋಜನೆ ಬಂದಿತು. ಮುಂಜಾನೆ ಬೀದಿಯ ಗೀಸರುಗಳೆಲ್ಲ ಒಟ್ಟಿಗೆ ಹೊತ್ತಿಕೊಂಡು, ಮೂಲೆಯ ಹಳೆಯ ಟ್ರಾನ್ಸ್‌ಫಾರ್ಮರು ಆ ಭಾರಕ್ಕೆ ಕಾದು ನರಳುತ್ತಿತ್ತು. ಆದ್ದರಿಂದ ಒಪ್ಪಿದ ಮನೆಗಳ ಗೀಸರಿಗೆ ಒಂದು ಪುಟ್ಟ ಪೆಟ್ಟಿಗೆಯನ್ನು ಜೋಡಿಸಿ, ಚಳಿಗಾಲದ ಮುಂಜಾನೆಗಳಲ್ಲಿ ಕಚೇರಿಯಿಂದಲೇ ಅದನ್ನು ಕೆಲಹೊತ್ತು ಆರಿಸುವ ಏರ್ಪಾಡು ಅದು. ಆರಿಸುವ ಮುನ್ನ ಫೋನಿಗೆ ಒಂದು ಸಂದೇಶ ಬರುವುದು. ಬಿಸಿನೀರು ಬೇಕೇಬೇಕೆನ್ನುವವರು ‘ಇಂದು ವಿನಾಯಿತಿ’ ಎಂಬ ಗುಂಡಿಯನ್ನು ಒತ್ತಬೇಕು. ಒತ್ತಿದ ವಿನಾಯಿತಿ ಆ ದಿನಕ್ಕೆ ಮಾತ್ರ. ಈಶ್ವರ್ ಒಪ್ಪಿಗೆ ಕೊಟ್ಟು ಪೆಟ್ಟಿಗೆ ಹಾಕಿಸಿಕೊಂಡನು. ಸಂದೇಶ ಯಾವ ಫೋನಿಗೆ ಬರುತ್ತದೆಂದು ಅವನು ಕೇಳಲಿಲ್ಲ.

ಅದು ಬಂದದ್ದು ವಿಶಾಖಾಳಿಗೆ.

ಈಶ್ವರನಿಗೆ ಉಬ್ಬಸವಿತ್ತು. ತಣ್ಣೀರು ಮೈಗೆ ಬಿದ್ದರೆ ಎದೆ ಕಟ್ಟುವುದು. ಆದರೂ ಸೂರ್ಯೋದಯಕ್ಕೆ ಮುನ್ನ ಸ್ನಾನ ಮಾಡಿ ಸಂಧ್ಯಾವಂದನೆಗೆ ಕೂರುವ ನಿಯಮವನ್ನು ಅವನು ಬಿಡುವವನಲ್ಲ. ಆ ಮೊದಲ ದಿನ ವಿಶಾಖಾ ಯೋಚಿಸದೆ ಗುಂಡಿಯನ್ನು ಒತ್ತಿದಳು. ಮರುದಿನವೂ ಒತ್ತಿದಳು. ಆಮೇಲೆ ಅದು ಅವಳ ನಿತ್ಯಕರ್ಮಗಳಲ್ಲಿ ಒಂದಾಯಿತು. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಅಂಗೈ ನೋಡಿಕೊಂಡು ಶ್ಲೋಕ ಹೇಳಿ, ಅದೇ ಕೈಯಲ್ಲಿ ಫೋನು ಹಿಡಿದು ಸಂದೇಶಕ್ಕಾಗಿ ಕಾಯುವಳು. ಗುಂಡಿ ಒತ್ತಿದ ಮೇಲೆ ತಾನು ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಳ್ಳುವಳು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಾಮರಾಜಪೇಟೆಯ ನೀಲಿ ಕಂಬ ಎದ್ದುನಿಂತಿರುವುದು. ಇಡೀ ದಿನದಲ್ಲಿ ಅವಳು ಇನ್ನೊಬ್ಬರಿಗಾಗಿ ಮಾಡುತ್ತಿದ್ದ ಕೆಲಸ ಅದೊಂದೇ.

ಪುಷ್ಯಮಾಸದ ಆರಂಭದಲ್ಲಿ ಈಶ್ವರ್ ಫೋನು ಮಾಡಿದನು. ತಾರಸಿಗೆ ಸೋಲಾರ್ ಹಾಕಿಸಬೇಕೆಂದಿದ್ದೇನೆ, ಮನೆ ಯಾರ ಹೆಸರಿನಲ್ಲಿದೆಯೋ ಸಂಪರ್ಕವೂ ಅವರ ಹೆಸರಿನಲ್ಲೇ ಇರಬೇಕಂತೆ, ವರ್ಗಾವಣೆಗೆ ಅರ್ಜಿ ಹಾಕಿದರೆ ನಿನಗೊಂದು ಓಟಿಪಿ ಬರುತ್ತದೆ, ಅದನ್ನು ಹೇಳಿದರೆ ಸಾಕು ಎಂದನು. ಆಗಲಿ ಎಂದಳು. ಓಟಿಪಿ ಬಂದಿತು; ಅವಳು ಹೇಳಲಿಲ್ಲ. ಶಾಲೆಯಲ್ಲಿದ್ದೆನೆಂದು ಒಮ್ಮೆ, ಫೋನು ಸರಿಯಿಲ್ಲವೆಂದು ಇನ್ನೊಮ್ಮೆ ತಪ್ಪಿಸಿಕೊಂಡಳು. ಹೆಸರು ಹೋದರೆ ನೀಲಿ ಕಂಬಗಳು ಹೋಗುವವು, ಮುಂಜಾನೆಯ ಗುಂಡಿಯೂ ಹೋಗುವುದು. ಆಮೇಲೆ ಆ ಮನೆಗೂ ತನಗೂ ನಡುವೆ ಏನು ಉಳಿಯುತ್ತದೆಂದು ಹುಡುಕಿದರೆ ಅವಳಿಗೆ ಏನೂ ಸಿಗಲಿಲ್ಲ.

ಅದೇ ಪಕ್ಷದಲ್ಲಿ ಏಕಾದಶಿ ಎರಡು ದಿನ ಬಂದಿತು. ಸೂರ್ಯೋದಯಕ್ಕೆ ಏಕಾದಶಿ ಇದ್ದರೆ ಸಾಕು, ಸ್ಮಾರ್ತರಿಗೆ ಅಂದೇ ಉಪವಾಸ. ಅದಕ್ಕೂ ಮುಂಚಿನ ಅರುಣೋದಯದಲ್ಲಿ ದಶಮಿಯ ಸೋಂಕಿದ್ದರೆ ವೈಷ್ಣವರು ಆ ದಿನವನ್ನು ಬಿಟ್ಟು ಮರುದಿನ ಉಪವಾಸವಿದ್ದು, ಅದರ ಮಾರನೆಯ ಮುಂಜಾನೆ ಬೇಗನೆ ಅಡಿಗೆ ಮಾಡಿ ಪಾರಣೆ ಮುಗಿಸುತ್ತಾರೆ. ವಿಶಾಖಾಳ ತವರು ವೈಷ್ಣವರದು, ಸೇರಿದ ಮನೆ ಸ್ಮಾರ್ತರದು. ಹಾಗಾಗಿ ಇಂಥ ಪಕ್ಷದಲ್ಲಿ ಮಾವನದು ಮೊದಲನೆಯ ದಿನದ ಉಪವಾಸ, ಸೊಸೆಯದು ಎರಡನೆಯ ದಿನದ್ದು, ಮಗನದು ಯಾವ ದಿನವೂ ಇಲ್ಲ. “ನಿಮ್ಮೋರ ಏಕಾದಶಿ ಯಾವತ್ತೂ ಒಂದು ಬಸ್ ತಪ್ಪಿಸ್ಕೊಂಡೇ ಬರೋದು” ಎಂದು ಈಶ್ವರ್ ಅವಳನ್ನು ಹಾಸ್ಯ ಮಾಡುತ್ತಿದ್ದುದೂ ಉಂಟು. ಅವನು ಮಾತಾಡುತ್ತಿದ್ದ ಕಾಲದಲ್ಲಿ.

ಈ ಸಲ ಮೊದಲನೆಯ ದಿನ ಮಧ್ಯಾಹ್ನದ ಕಂಬ ಎಂದಿನಂತೆ ಎದ್ದಿತು. ಎರಡನೆಯ ದಿನ ಏಳಲಿಲ್ಲ. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ದೀಪದ ಮೋಟುಕಂಬವಲ್ಲದೆ ಬೇರೇನೂ ಇಲ್ಲ. ಮಾರನೆಯ ಮುಂಜಾನೆ, ಬೆಳಕು ಹರಿಯುವ ಮೊದಲೇ, ಸ್ನಾನದ ಕಂಬದ ಪಕ್ಕದಲ್ಲಿ ಒಲೆಯ ಕಂಬವೂ ಎದ್ದುನಿಂತಿತು.

ವಿಶಾಖಾ ತಾನೂ ಪಾರಣೆಯ ಅಡಿಗೆಗೆ ನಿಂತಿದ್ದಳು. ಒಲೆಯನ್ನು ಸಣ್ಣದು ಮಾಡಿ ಫೋನನ್ನು ಮತ್ತೆ ನೋಡಿದಳು. ಬೇರೆ ಯಾರು ನೋಡಿದ್ದರೂ ಅದು ಒಂದು ದಿನದ ಕಡಿಮೆ ಬಳಕೆ ಅಷ್ಟೆ. ಅವಳ ಕಣ್ಣಿಗೆ ಅದು ಬಿಡಿಸಿ ಬರೆದ ವಾಕ್ಯದಂತೆ ಸ್ಪಷ್ಟವಾಗಿತ್ತು: ತನ್ನ ಅಪ್ಪನ ಏಕಾದಶಿಯನ್ನು ಹಿಡಿಯದ ಈಶ್ವರ್ ಹೆಂಡತಿಯ ಏಕಾದಶಿಯನ್ನು ಹಿಡಿದಿದ್ದಾನೆ.

ಭಾನುವಾರ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದಳು. ಓಟಿಪಿಯ ವಿಷಯವನ್ನು ಎದುರಿಗೇ ಮಾತಾಡೋಣವೆಂಬುದು ನೆಪ. ತಾನು ತಿರುಗಿ ಬರುತ್ತೇನೆ ಎಂಬ ಮಾತನ್ನು ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಮಾರ್ಕೆಟ್ಟಿನಲ್ಲಿ ನೆಲ್ಲಿಕಾಯಿ ಚೆನ್ನಾಗಿತ್ತು. ದ್ವಾದಶಿಯ ಪಾರಣೆಗೆ ನೆಲ್ಲಿಕಾಯಿ ಬೇಕು, ಅವನಿಗೆ ಅದು ಗೊತ್ತಿತ್ತೋ ಇಲ್ಲವೋ ಎಂದುಕೊಂಡು ಒಂದಿಷ್ಟು ಕೊಂಡಳು.

ಎದುರುಮನೆಯ ಜಗಲಿಯಲ್ಲಿ ತರಕಾರಿ ವ್ಯಾಪಾರದ ದ್ರೌಪದಮ್ಮ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. ವಿಶಾಖಾಳನ್ನು ಕಂಡವಳೇ ಕೈ ನಿಲ್ಲಿಸದೆ ನಕ್ಕಳು.

“ಏನ್ ಮೇಡಮ್ಮೋರೇ, ದಾರಿ ತಪ್ಪಿ ಬಂದ್ರಾ?”

ಕೆಲಸವಿತ್ತು ಎಂದಳು ವಿಶಾಖಾ.

“ಬನ್ನಿ, ಬನ್ನಿ. ನಿಮ್ ಯಜಮಾನ್ರು ಪುಣ್ಯವಂತ್ರು. ಬೀದಿಗೆಲ್ಲಾ ತಣ್ಣೀರು, ಅವರೊಬ್ರಿಗೆ ಬಿಸಿನೀರು. ನಮ್ಮೆಜಮಾನ್ರು ದಿನಾ ಬಚ್ಚಲಲ್ಲಿ ಕೂಗೋ ಕೂಗಿಗೆ ಕೋಳಿ ಏಳ್ತವೆ.”

ಅವಳ ಮಗ ಯೋಜನೆಗೆ ಒಪ್ಪಿಕೊಂಡು ಫೋನನ್ನು ತಲೆದಿಂಬಿನ ಕೆಳಗಿಟ್ಟು ಮಲಗುತ್ತಾನೆ, ಅವನು ಏಳುವಷ್ಟರಲ್ಲಿ ಮನೆಯವರೆಲ್ಲರ ಸ್ನಾನ ಮುಗಿದಿರುತ್ತದೆ ಎಂಬುದನ್ನೂ ದ್ರೌಪದಮ್ಮ ಸಾವಕಾಶವಾಗಿ ವಿವರಿಸಿದಳು.

ಬಾಗಿಲು ತೆರೆದ ಈಶ್ವರ್ ಬದಿಗೆ ಸರಿದು ದಾರಿ ಕೊಟ್ಟನು. ತೆಳ್ಳಗಾಗಿದ್ದನು. ಅವನ ಎಡಗೆನ್ನೆ ಸ್ವಲ್ಪ ಊದಿದ್ದುದನ್ನೂ, ಮಾತಾಡುವಾಗ ಸಕಾರ ಎಲ್ಲೋ ಜಾರುತ್ತಿದ್ದುದನ್ನೂ ಅವಳು ಗಮನಿಸಿದಳು. ನೆಲ್ಲಿಕಾಯಿಯ ಚೀಲವನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟಳು. ಅವನು ಅದರೊಳಗೆ ಇಣುಕಿ ನೋಡಿದನು.

“ನಂಗೆ ಹುಳಿ ಬೇಡ ಅಂದಿದಾರೆ ಡಾಕ್ಟ್ರು. ಹಲ್ಲು ಕೀಳಿಸ್ದೆ.”

ಯಾವಾಗ ಎಂದು ಕೇಳಿದಳು. ಹೇಳಿದನು. ಅದು ಎರಡನೆಯ ಏಕಾದಶಿಯ ದಿನ. ಬೆಳಿಗ್ಗೆ ಕೀಳಿಸಿಕೊಂಡು ಬಂದು ದಿನವಿಡೀ ಬಾಯಿ ತೆರೆಯಲಾಗದೆ ಮಲಗಿದ್ದನಂತೆ. ಮಾರನೆಯ ಮುಂಜಾನೆ ಹಸಿವು ತಡೆಯದೆ, ಸಂಧ್ಯಾವಂದನೆಯನ್ನೂ ಆಮೇಲೆ ನೋಡಿಕೊಂಡರಾಯಿತೆಂದು ಗಂಜಿ ಕಾಯಿಸಿಕೊಂಡನಂತೆ.

ವಿಶಾಖಾ ತಲೆಯಾಡಿಸಿದಳು. ದಾರಿಯುದ್ದಕ್ಕೂ ಜೋಡಿಸಿದ್ದ ಮಾತುಗಳನ್ನು ಒಂದೊಂದಾಗಿ ಬಿಚ್ಚಿ ಒಳಗೇ ಇಟ್ಟುಕೊಂಡಳು. ಈಶ್ವರ್ ಅವಳನ್ನು ತಾರಸಿಗೆ ಕರೆದೊಯ್ದು ಫಲಕಗಳು ಎಲ್ಲಿ ಬರುತ್ತವೆಂದು ತೋರಿಸಿದನು. ಅದು ಅವಳು ಬೇಸಗೆಯಲ್ಲಿ ಹಪ್ಪಳ ಒಣಗಹಾಕುತ್ತಿದ್ದ ಜಾಗ. ಸುಮ್ಮನೆ ಬಿಸಿಲು ಹಾಳಾಗುತ್ತಿತ್ತಲ್ಲ ಎಂದನು. ಅದರಲ್ಲಿ ಚುಚ್ಚುಮಾತಿನ ಉದ್ದೇಶವಿರಲಿಲ್ಲವೆಂಬುದೇ ಅವಳಿಗೆ ಚುಚ್ಚಿತು.

ಕೆಳಗಿಳಿಯುವಾಗ ಮೆಟ್ಟಿಲಿನಲ್ಲಿ ನಿಂತು ಉಸಿರು ಸುಧಾರಿಸಿಕೊಂಡು ಹೇಳಿದನು:

“ಒಂದೇ ಅನುಮಾನ. ಬೀದೀಲೆಲ್ಲಾ ಗೀಸರ್ ಆಫ್ ಮಾಡ್ತಾರೆ, ನಮ್ಮನೇದು ಒಂದು ದಿನಾನೂ ಮಾಡಿಲ್ಲ. ನಮ್ಮನ್ನ ಮರ್ತಿದಾರೆ ಅನ್ಸತ್ತೆ. ಹೆಸರು ಬದಲಾಯಿಸೋಕೆ ಹೋದ್ರೆ ನೆನಪಾಗ್ಬಿಡತ್ತೇನೋ.”

“ಆಗ್ಬಹುದು” ಎಂದಳು.

“ಆದ್ರೆ ಆಗ್ಲಿ. ಇಷ್ಟು ದಿನ ನಡೆದಿದ್ದೇ ಅಪ್ಪನ ಪುಣ್ಯ.”

ಹೇಳಿಬಿಡುವುದಕ್ಕೆ ಅದೇ ಸಮಯವಾಗಿತ್ತು. ಆದರೆ ಹೇಳಿದರೆ ಅವನು ಉಪಕಾರಕ್ಕೆ ಕಟ್ಟುಬಿದ್ದು ಕರೆದಾನು. ಹಾಗೆ ಕರೆಸಿಕೊಂಡು ಬರುವುದು ಅವಳಿಗೆ ಬೇಡವಾಗಿತ್ತು. ತಾನಾಗಿಯೇ ಅವನು ಒಂದು ದಿನ ಹಸಿದಿದ್ದಾನೆಂದು ನಂಬಿ ಬಂದವಳು ಅವಳು. ನಡುಮನೆಯಲ್ಲಿ, ಮಾವನ ಪಟದ ಕೆಳಗೆ ಕುಳಿತು, ಅವನು ಮತ್ತೆ ಅರ್ಜಿ ಹಾಕಿದಾಗ ಬಂದ ಓಟಿಪಿಯನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದಳು. ಹೊಸ ಫೋನು ಸಂಖ್ಯೆ ಎಂದಿರುವಲ್ಲಿ ನಿಮ್ಮದನ್ನೇ ಹಾಕಿ, ಮರೆಯಬೇಡಿ ಎಂದು ಎರಡು ಸಲ ಹೇಳಿದಳು. ಹೊರಡುವಾಗ ಅವನು ನೆಲ್ಲಿಕಾಯಿಯ ಚೀಲವನ್ನು ತಂದು ಕೈಗಿತ್ತನು. ಇಲ್ಲಿ ಸುಮ್ಮನೆ ಕೊಳೆಯುತ್ತದೆ, ನೀನಾದರೂ ಉಪ್ಪಿನಕಾಯಿ ಹಾಕಿಕೋ ಎಂದನು.

ಕೆಲವು ದಿನ ಕಳೆದು ಒಂದು ಸಂಜೆ ಅವಳ ಫೋನು ನೀಲಿ ಕಂಬಗಳ ಬದಲಿಗೆ ಒಂದು ಸಾಲನ್ನು ತೋರಿಸಿತು: ಈ ಸಂಪರ್ಕವು ತಮ್ಮ ಖಾತೆಯಲ್ಲಿಲ್ಲ.

ಮಾರನೆಯ ಬೆಳಗಿನ ಜಾವ ಅವಳು ಎಂದಿನ ಹೊತ್ತಿಗೇ ಎದ್ದಳು. ಅಂಗೈ ನೋಡಿಕೊಂಡಳು, ಶ್ಲೋಕ ಹೇಳಿದಳು. ಫೋನನ್ನು ಹಿಡಿದ ಮೇಲೆಯೇ ಹಿಡಿಯುವ ಕಾರಣವಿಲ್ಲವೆಂದು ನೆನಪಾದದ್ದು. ಕೆಳಗಿಡುವಷ್ಟರಲ್ಲಿ ಅದು ಕೈಯಲ್ಲೇ ಮೊಳಗಿತು.

“ಮಲಗಿದ್ಯಾ?” ಎಂದನು ಈಶ್ವರ್.

ಇಲ್ಲ ಎಂದಳು.

“ಒಂದು ಮೆಸೇಜ್ ಬಂದಿದೆ. ಗೀಸರ್ ಆಫ್ ಮಾಡ್ತೀವಿ, ಬೇಡ ಅಂದ್ರೆ ಒತ್ತಿ ಅಂತ. ಇದು ದಿನಾ ಬರತ್ತಾ?”

“ಬರತ್ತೆ.”

ಆ ಕಡೆಯಿಂದ ಬಚ್ಚಲಿನಲ್ಲಿ ಬಕೆಟ್ಟಿಗೆ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು. ಆ ನಲ್ಲಿಯ ವಾಷರ್ ಹಾಳಾಗಿ ವರ್ಷಗಳಾಗಿದ್ದವು. ಅವನಿನ್ನೂ ಹೊಸದನ್ನು ಹಾಕಿಸಿಲ್ಲವೆಂದು ಅವಳಿಗೆ ಅನಿಸಿತು.

“ಹಾಗಾದ್ರೆ ಅದು ಅಪ್ಪನ ಪುಣ್ಯ ಅಲ್ಲ” ಎಂದನು ಕೊನೆಗೆ.

“ಬೇಗ ಒತ್ತಿ. ಹೊತ್ತು ಮೀರಿದ್ರೆ ಆಗಲ್ಲ.”

“ಒತ್ತಿದೆ.”

ಅವಳು ಕಾದಳು. ಅವನೂ ಕಾದನು. ಉಸಿರೆಳೆದುಕೊಳ್ಳುವಾಗ ಅವನ ಎದೆಯಲ್ಲಿ ಸಣ್ಣಗೆ ಸಿಳ್ಳು ಹಾಕಿದಂಥ ಸದ್ದು.

“ಎಷ್ಟು ದಿನ ನಿದ್ದೆ ಕೆಟ್ಟಿದೀಯೋ, ಪಾಪ. ಇನ್ಮೇಲೆ ನಾನೇ ನೋಡ್ಕೋತೀನಿ. ನೀನು ಮಲಗು ವಿಶಾಖಾ.”

ಅವನು ಹಾಗೆ ಹೇಳಿದ್ದು ಪ್ರೀತಿಯಿಂದಲೇ. ಹೆಸರು ಹಿಡಿದು ಅವನು ಕರೆದು ಬಹಳ ಕಾಲವಾಗಿತ್ತು. ಸರಿ ಎಂದು ಫೋನನ್ನಿಟ್ಟು ಅವಳು ಹಾಸಿಗೆಯ ಮೇಲೆ ಕುಳಿತಳು, ಮಲಗಲಿಲ್ಲ. ಕಿಟಕಿಯ ಹೊರಗೆ ಮಲ್ಲೇಶ್ವರದ ಬೀದಿದೀಪಗಳು ತಾವಾಗಿಯೇ ಆರಿದವು. ಆಮೇಲೆ ಅವಳು ಎದ್ದು ಬಚ್ಚಲಿಗೆ ಹೋಗಿ, ಮೊದಲ ಚೊಂಬು ತಣ್ಣೀರನ್ನು ಎತ್ತಿಕೊಂಡಳು.